ಸೆಕೆಂಡ್ ಹ್ಯಾಂಡ್ ಅಂದ್ರೆ ಸೆಕೆಂಡ್ ಕ್ಲಾಸಾ?

ನನ್ನ ಲ್ಯಾಪ್‌ಟಾಪ್‌ನ ಬೆನ್ನ ಮೇಲೆ ಕನ್ನಡ ಬಾವುಟದ ಒಂದು ದೊಡ್ಡ ಸ್ಟಿಕ್ಕರ್ ಇದೆ. ನಾಡಪ್ರೇಮದಿಂದ ಅಂಟಿಸಿಕೊಂಡಿದ್ದಾನೆ ಎಂದು ಎರಡು ಸೆಮಿಸ್ಟರ್ ಕಾಲ ಕ್ಲಾಸಿನವರೆಲ್ಲ ನಂಬಿದ್ದರು. ನಾಡಪ್ರೇಮ ಇಲ್ಲವೆಂದಲ್ಲ. ಆದರೆ ಆ ಬಾವುಟದ ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್ ಇದೆ. ಯಾವುದೋ ಕಂಪನಿಯ ಹೆಸರು, ಬಾರ್‌ಕೋಡ್, ಅಸೆಟ್ ನಂಬರ್. ಯಾವುದೋ ಆಫೀಸಿನಲ್ಲಿ ನಾಲ್ಕು ವರ್ಷ ದುಡಿದು, ನಿವೃತ್ತಿ ತೆಗೆದುಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರ ಕಪಾಟು ಸೇರಿ, ಅಲ್ಲಿಂದ 18,500 ರೂಪಾಯಿಗೆ ನನ್ನ ಬ್ಯಾಗಿಗೆ ಬಂದ ಮಾಲು ಅದು.

ಪಿಜಿಯಲ್ಲಿ ರೂಮ್‌ಮೇಟ್ ಕೇಳಿದಾಗ, 'ಅಮೆರಿಕದಲ್ಲಿರೋ ಕಸಿನ್ ಕೊಟ್ಟಿದ್ದು' ಅಂದಿದ್ದೆ. ನನಗೆ ಅಮೆರಿಕದಲ್ಲಿ ಯಾವ ಕಸಿನ್ನೂ ಇಲ್ಲ. ಇರುವ ಒಬ್ಬನೇ ಕಸಿನ್ ಅರಸೀಕೆರೆಯಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದಾನೆ.

ಕಳೆದ ಏಪ್ರಿಲ್‌ನ ಸೆಕೆಗೆ ಗೋಂದು ಕರಗಿ ಬಾವುಟದ ಒಂದು ಮೂಲೆ ಎದ್ದಿತು. ಬಾರ್‌ಕೋಡ್ ಇಣುಕಿತು. ರೂಮ್‌ಮೇಟ್ ಅದನ್ನು ನೋಡಿ ಐದು ನಿಮಿಷ ನಕ್ಕ. ನಾನು ಸಂಕೋಚದಿಂದ ಕುಗ್ಗಿ ಕೂತಿದ್ದರೆ, ಅವನು ತನ್ನ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಅದರ ಬೆನ್ನಲ್ಲೂ ಸ್ಟಿಕ್ಕರ್ ಕಿತ್ತ ಚೌಕಾಕಾರದ ಗುರುತು! ಅದೇ ಎಸ್.ಪಿ. ರಸ್ತೆ, ಬಹುಶಃ ಅದೇ ಸಾಲಿನ ಅಂಗಡಿ. ಒಂದೇ ರೂಮಿನಲ್ಲಿ ಒಂದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಬದುಕಿದ್ದೆವು. ಬ್ಯಾಟರಿ ಎಲ್ಲಿ ಬದಲಾಯಿಸಬೇಕು, ರ‍್ಯಾಮ್ ಎಲ್ಲಿ ಅಗ್ಗ ಎಂದು ಪರಸ್ಪರ ಕೇಳಬಹುದಿತ್ತು. ನಾಚಿಕೆಯಿಂದ ಕೇಳಲಿಲ್ಲ. ಆ ನಾಚಿಕೆಗೆ ನಾನು ತೆತ್ತ ದಂಡ 900 ರೂಪಾಯಿ. ಅವನಿಗೆ 1,800ಕ್ಕೆ ಸಿಕ್ಕ ಬ್ಯಾಟರಿಗೆ ನಾನು 2,700 ಕೊಟ್ಟಿದ್ದೆ.

ಇಷ್ಟಕ್ಕೂ ಹಳೆಯದರ ಬಗ್ಗೆ ನಾಚಿಕೆ ಪಡಬಾರದವರು ಯಾರಾದರೂ ಇದ್ದರೆ ಅದು ನಾನೇ. ನಮ್ಮಪ್ಪ ತಿಪಟೂರಿನಲ್ಲಿ ಟೈಲರ್. ರೆಡಿಮೇಡ್ ಬಟ್ಟೆ ಬಂದ ಮೇಲೆ ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾದರು. ನಮ್ಮ ಮನೆಯ ಒಲೆ ಉರಿದದ್ದು ಆಲ್ಟ್ರೇಷನ್ನಿನಿಂದ. ಸೊಂಟ ಬಿಗಿಯಾದ ಪ್ಯಾಂಟು, ಉದ್ದ ಹೆಚ್ಚಾದ ಚೂಡಿದಾರ್, ಅಣ್ಣನ ಯೂನಿಫಾರಂ ತಮ್ಮನಿಗೆ, ಜಿಪ್ ಹೋದ ಸ್ಕೂಲ್ ಬ್ಯಾಗು. ಅಪ್ಪನ ಕೈಯಲ್ಲಿ ನನಗೆ ಇವತ್ತಿಗೂ ಜಾದೂ ಅನ್ನಿಸುವುದು ಕಾಲರ್ ತಿರುಗಿಸುವ ಕೆಲಸ. ಅಂಗಿಯ ಬೇರೆಲ್ಲ ಭಾಗ ಗಟ್ಟಿಯಿದ್ದರೂ ಕತ್ತಿಗೆ ಉಜ್ಜಿ ಉಜ್ಜಿ ಕಾಲರ್‌ನ ಮಡಿಕೆ ಸವೆದು ದಾರ ಏಳುತ್ತದಲ್ಲ, ಅಪ್ಪ ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಕಾಲರನ್ನು ಹಿಂದುಮುಂದು ಮಾಡಿ, ಸವೆಯದ ಮೈ ಹೊರಗೆ ಬರುವ ಹಾಗೆ ಮತ್ತೆ ಹೊಲಿಯುತ್ತಾರೆ. ಅರ್ಧ ಗಂಟೆಯ ಕೆಲಸ. ಅಂಗಿಗೆ ಇನ್ನೆರಡು ವರ್ಷ ಆಯಸ್ಸು.

ಪ್ಯಾಂಟು ಹೊಲಿಯುವಾಗ ಸೊಂಟದ ಹಿಂದೆ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿಯುವುದು ಅವರ ಪದ್ಧತಿ. 'ಮನುಷ್ಯ ಅಂದ್ಮೇಲೆ ದಪ್ಪ ಆಗ್ತಾನೆ, ಬಟ್ಟೆಗೂ ಅದು ಗೊತ್ತಿರ್ಬೇಕು' ಅನ್ನುತ್ತಾರೆ. ರೆಡಿಮೇಡ್ ಪ್ಯಾಂಟಿನಲ್ಲಿ ಆ ಮಾರ್ಜಿನ್ ಸಿಗುವುದು ಅಪರೂಪ. ದಪ್ಪವಾದರೆ ಇನ್ನೊಂದು ಕೊಳ್ಳಲಿ ಎಂಬ ಲೆಕ್ಕಾಚಾರವೋ ಏನೋ!

ಇನ್ನು ಅಮ್ಮನ ಅಡುಗೆಮನೆ ಹೇಗಿದ್ದೀತು ಊಹಿಸಿಕೊಳ್ಳಿ. ಸಾರಿನ ಪುಡಿ ಹಾರ್ಲಿಕ್ಸ್ ಬಾಟಲಿಯಲ್ಲಿ, ಹುಣಸೆಹಣ್ಣು ತುಪ್ಪದ ಡಬ್ಬಿಯಲ್ಲಿ, ಅಪ್ಪನ ಹಳೇ ಬನಿಯನ್ನು ಮಸಿಬಟ್ಟೆಯಾಗಿ, ಅಕ್ಕಿ ಚೀಲ ಸಂತೆ ಚೀಲವಾಗಿ, ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳು ದಿಂಬಿನ ಹೊಟ್ಟೆಯೊಳಗೆ. ಇದಕ್ಕೆಲ್ಲ ಈಗ ಇನ್‌ಸ್ಟಾಗ್ರಾಮಿನಲ್ಲಿ 'ಸಸ್ಟೈನಬಲ್ ಲಿವಿಂಗ್' ಎಂಬ ಹೆಸರಿದೆ ಎಂದು ಅಮ್ಮನಿಗೆ ಹೇಳಿದೆ. 'ಹಂಗಂದ್ರೆ?' ಅಂದಳು. ವಿವರಿಸಿದೆ. 'ಇನ್ನೇನು, ಎಸೀತಾರಾ?' ಎಂದು ಕೇಳಿ ಒಗ್ಗರಣೆ ಹಾಕಲು ಹೋದಳು.

ಇಂಥ ಮನೆಯಿಂದ ಬಂದವನು ಬೆಂಗಳೂರಿನ ಕಾಲೇಜು ಗೇಟು ದಾಟುತ್ತಿದ್ದ ಹಾಗೆ ಎಲ್ಲವೂ ಹೊಸದೇ ಬೇಕು ಎಂದು ಹಟ ಹಿಡಿದೆ. ಪಿಯುಸಿ ರಿಸಲ್ಟ್ ಬಂದಾಗಲೇ 24,000 ರೂಪಾಯಿಯ ಫೋನ್ ಕೊಡಿಸಿಕೊಂಡಿದ್ದೆ, ಅಪ್ಪನ ಹೆಸರಿನಲ್ಲಿ, 12 ಕಂತುಗಳ 'ನೋ ಕಾಸ್ಟ್' ಇಎಂಐನಲ್ಲಿ. ಬಡ್ಡಿ ಇಲ್ಲ ಅಂದಮೇಲೆ ಏನು ಕಷ್ಟ ಎಂಬುದು ನನ್ನ ವಾದ. ಪ್ರೊಸೆಸಿಂಗ್ ಫೀ ಎಂದು ಮೊದಲೇ ಒಂದಿಷ್ಟು ಹೋಯಿತು. ಆಷಾಢದಲ್ಲಿ ಮದುವೆಗಳಿಲ್ಲ, ಹೊಲಿಗೆಯೂ ಇಲ್ಲ. ಅಪ್ಪನ ಖಾತೆಯಲ್ಲಿ ದುಡ್ಡಿರಲಿಲ್ಲ, ಕಂತು ಬೌನ್ಸ್ ಆಯಿತು. ಅದಕ್ಕೆ ಬ್ಯಾಂಕ್ ಒಂದು ದಂಡ, ಫೈನಾನ್ಸ್‌ನವರು ಇನ್ನೊಂದು ದಂಡ ಹಾಕಿದರು. ಕೆಟ್ಟದ್ದು ದಂಡವಲ್ಲ. ಆ ಫೈನಾನ್ಸ್‌ನ ಹುಡುಗ ನನ್ನ ವಯಸ್ಸಿನವನೇ ಇರಬೇಕು, ಅಂಗಡಿಗೆ ಬಂದು ಗಿರಾಕಿಗಳ ಎದುರಿಗೇ ಅಪ್ಪನನ್ನು ಏಕವಚನದಲ್ಲಿ ಮಾತಾಡಿಸಿದನಂತೆ. ಇದನ್ನು ಅಪ್ಪ ನನಗೆ ಹೇಳಲಿಲ್ಲ. ಪಕ್ಕದ ಬೀಡಾ ಅಂಗಡಿಯವರು ಹೇಳಿದ್ದು, ಅದೂ ದಸರಾ ರಜೆಗೆ ಹೋದಾಗ. ಆ ದಿನ ಜೇಬಿನಲ್ಲಿದ್ದ ಫೋನ್ ಎಷ್ಟು ಭಾರ ಇತ್ತು ಅಂತೀರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಿದ್ದರು. ಪಾಪ, ಅವರ ಕಾಲದಲ್ಲಿ ಹಾಸಿಗೆಯನ್ನೂ ಕಂತಿನಲ್ಲಿ ಕೊಡುವವರು ಬೀದಿಬೀದಿಗೆ ಇರಲಿಲ್ಲ.

ಆಮೇಲೆ ನಾನು ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ. ಮೊದಲು ಅವೆನ್ಯೂ ರಸ್ತೆ. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಕೆ.ಆರ್. ಮಾರ್ಕೆಟ್ ಕಡೆ ನಡೆಯುತ್ತಾ ಹೋದರೆ ಹಳೇ ಪುಸ್ತಕಗಳ ಅಂಗಡಿಗಳು. ವಿಟಿಯುನಲ್ಲಿ ಓದುವವರಿಗೆ ಒಂದು ಭಯ ಇರುತ್ತದೆ. ಸ್ಕೀಂ ಬದಲಾಯಿತು, ಹಳೇ ಪುಸ್ತಕ ಪ್ರಯೋಜನವಿಲ್ಲ ಎಂದು. ಸಬ್ಜೆಕ್ಟ್ ಕೋಡ್ ಬದಲಾಗುತ್ತದೆ, ಮಾಡ್ಯೂಲ್‌ಗಳು ಹಿಂದುಮುಂದಾಗುತ್ತವೆ, ನಿಜ. ಆದರೆ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಯಾವ ಸ್ಕೀಮಿನಲ್ಲೂ ಲಾಪ್ಲಾಸ್ ಟ್ರಾನ್ಸ್‌ಫಾರ್ಮೇ. ಗ್ರೇವಾಲ್ ಅವರ ಗಣಿತದ ಪುಸ್ತಕ, ಆ ದಪ್ಪನೆಯದು, ನನಗೆ 250 ರೂಪಾಯಿಗೆ ಸಿಕ್ಕಿತು. ಮೊದಲು ಓದಿದವನು ಮುಖ್ಯ ಲೆಕ್ಕಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದ, ಒಂದು ಕಡೆ 'ಇದು ಬಂದೇ ಬರುತ್ತೆ ಮಗಾ' ಎಂದು ಬರೆದಿದ್ದ. ಬಂತು! ಹೊಸ ಪುಸ್ತಕದಲ್ಲಿ ಈ ಸೌಲಭ್ಯ ಇಲ್ಲ. ಸಾಲ್ವ್ಡ್ ಪೇಪರ್, ಗೈಡುಗಳನ್ನು ಮಾತ್ರ ಸ್ಕೀಂ ನೋಡಿಯೇ ಕೊಳ್ಳಬೇಕು. ಅಲ್ಲಿ ನಾನೂ ಒಮ್ಮೆ ಮೋಸ ಹೋಗಿದ್ದೇನೆ.

ಲ್ಯಾಪ್‌ಟಾಪ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕಂಪನಿಯ ನಿಯಮದ ಪ್ರಕಾರ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಆರನೇ, ಏಳನೇ ತಲೆಮಾರಿನ ಮಷೀನುಗಳು ಅಗ್ಗವಾಗಿ ಕಂಡರೆ ಕಾರಣ ಇದೂ ಇರಬಹುದು. 'ಐ ಫೈವ್ ಇದೆ ಬಾಸ್' ಎಂದು ಅಂಗಡಿಯವನು ಹೇಳಿದರೆ, ಯಾವ ತಲೆಮಾರಿನ ಐ ಫೈವ್ ಎಂದು ಕೇಳಿ. ಉತ್ತರ ಬರುವಷ್ಟರಲ್ಲಿ ಅವನಿಗೂ ನಿಮಗೂ ಒಂದು ಮರ್ಯಾದೆ ಬೆಳೆದಿರುತ್ತದೆ. ಲಿನಕ್ಸ್ ಹಾಕಿಕೊಳ್ಳುವ ಧೈರ್ಯ ಇದ್ದರೆ ಹಳೆಯದನ್ನೂ ಕೊಳ್ಳಬಹುದು, ಆದರೆ ಬೆಲೆ ಆ ಲೆಕ್ಕದಲ್ಲಿ ಇರಲಿ. ಅಲ್ಲೇ ಆನ್ ಮಾಡಿಸಿ ಬ್ಯಾಟರಿ ರಿಪೋರ್ಟ್ ತೆಗೆಸಿ ನೋಡಿ. ಡಿಸೈನ್ ಕೆಪಾಸಿಟಿ ಎಷ್ಟು, ಈಗ ಫುಲ್ ಚಾರ್ಜ್‌ಗೆ ಎಷ್ಟು ಹಿಡಿಯುತ್ತದೆ ಎಂದು ಅದು ಸುಳ್ಳು ಹೇಳದೆ ತೋರಿಸುತ್ತದೆ. ಬಯಾಸ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಕೈಮುಗಿದು ಹೊರಬನ್ನಿ. ಬಿಲ್ ಕೇಳಿ, ಕೊಡದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ.

ಹಳೇ ಫೋನ್ ಆದರೆ ಕಳವು ಮಾಲಿನ ಭಯವೂ ಇರುತ್ತದೆ. ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ಪೋರ್ಟಲ್‌ನಲ್ಲಿ ಹಾಕಿ ನೋಡಿದರೆ ಬ್ಲಾಕ್ ಆಗಿರುವ ಫೋನಾ ಎಂದು ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಮಾಡದೆ ಕೊಂಡು ಪೊಲೀಸ್ ಠಾಣೆಗೆ ಅಲೆದ ಒಬ್ಬ ಸೀನಿಯರ್ ನಮ್ಮಲ್ಲಿದ್ದಾನೆ. ಅವನು ಈಗ ಎಲ್ಲರಿಗೂ ಪುಕ್ಕಟೆ ಉಪನ್ಯಾಸ ಕೊಡುತ್ತಾನೆ.

ಹಳೆಯದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಒಮ್ಮೆ ಬಿದ್ದ ಹೆಲ್ಮೆಟ್‌ನ ಒಳಗಿನ ಥರ್ಮೋಕೋಲಿನಂಥ ಪದರ ಅಮುಕಿ ಹೋಗಿರುತ್ತದೆ, ಹೊರಗೆ ಕಾಣುವುದಿಲ್ಲ. ಇನ್ನೊಂದು ಸಲ ಪೆಟ್ಟು ತಡೆಯುವ ಶಕ್ತಿ ಅದಕ್ಕಿರುವುದಿಲ್ಲ. ಗೊತ್ತುಗುರಿ ಇಲ್ಲದ ಚಾರ್ಜರ್, ಇನ್ನೊಬ್ಬರ ಇಯರ್‌ಫೋನ್, ಇವೂ ಬೇಡ. ಮನೆಯ ಮರುಬಳಕೆಯಲ್ಲೂ ಹಾಗೆಯೇ. ಪತ್ರಿಕೆಯಲ್ಲಿ ಬರೆಯುತ್ತಾ ಹೇಳಲು ಸಂಕೋಚ, ಆದರೂ ಹೇಳುತ್ತೇನೆ, ಓದಿದ ಪತ್ರಿಕೆಯಲ್ಲಿ ಬಿಸಿ ಬೋಂಡಾ ಕಟ್ಟಿಸಿಕೊಳ್ಳಬೇಡಿ. ಶಾಯಿ ಹೊಟ್ಟೆಗೆ ಹೋಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವೂ ಇದು ಬೇಡವೆಂದು ಹೇಳಿದೆ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ಬಿಇ ಮೊದಲ ವರ್ಷದಲ್ಲಿ ಅರ್ಧ ಹುಡುಗರಿಗೆ ಫಿಸಿಕ್ಸ್ ಸೈಕಲ್, ಅರ್ಧ ಹುಡುಗರಿಗೆ ಕೆಮಿಸ್ಟ್ರಿ ಸೈಕಲ್. ಮುಂದಿನ ಸೆಮಿಸ್ಟರ್ ಅದಲುಬದಲು. ಅಂದರೆ ಜನವರಿ ಹೊತ್ತಿಗೆ ಇವರ ಪುಸ್ತಕ ಅವರಿಗೆ ಬೇಕು, ಅವರದು ಇವರಿಗೆ ಬೇಕು. ಇದಕ್ಕಿಂತ ಒಳ್ಳೆಯ ವಿನಿಮಯ ಕೇಂದ್ರವನ್ನು ಯಾರೂ ಪ್ಲಾನ್ ಮಾಡಲಾರರು. ಆದರೂ ಎಲ್ಲರೂ ಹೊಸದು ಕೊಳ್ಳುತ್ತಾರೆ. ಕೆಮಿಸ್ಟ್ರಿ ಲ್ಯಾಬಿನ ಬಿಳಿ ಕೋಟನ್ನೇ ನೋಡಿ. ನಾನು ಅದನ್ನು ಹಾಕಿದ್ದು ಲೆಕ್ಕ ಹಾಕಿದರೆ ಹದಿಮೂರು ಸಲ. ಆಮೇಲೆ ಅದು ಪಿಜಿಯ ಮೊಳೆಗೆ ದೆವ್ವದ ಹಾಗೆ ನೇತಾಡಿತು. ಇನ್ನು ಫೈನಲ್ ಇಯರ್ ಪ್ರಾಜೆಕ್ಟುಗಳು! ನಮ್ಮ ಇಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಪ್ರತಿ ವರ್ಷ ಒಂದಾದರೂ 'ಸ್ಮಾರ್ಟ್ ಡಸ್ಟ್‌ಬಿನ್' ತಯಾರಾಗುತ್ತದೆ. ವೈವಾ ಮುಗಿದ ವಾರಕ್ಕೆ ಅದು ಆರ್ಡುಯಿನೋ, ಸೆನ್ಸರ್, ಮೋಟರ್ ಸಮೇತ ಮಾಮೂಲಿ ಡಸ್ಟ್‌ಬಿನ್ ಸೇರುತ್ತದೆ. ಮುಂದಿನ ಬ್ಯಾಚು ಎಸ್.ಪಿ. ರಸ್ತೆಗೆ ಹೋಗಿ ಅವೇ ಬಿಡಿಭಾಗಗಳನ್ನು ಮತ್ತೆ ಕೊಳ್ಳುತ್ತದೆ.

ಸ್ಟಿಕ್ಕರ್ ಪ್ರಸಂಗದ ನಂತರ ನಾನು, ರೂಮ್‌ಮೇಟ್ ಮತ್ತು ಇನ್ನಿಬ್ಬರು ಸೇರಿ ಜೂನ್‌ನಲ್ಲಿ ಒಂದು ಕೆಲಸ ಮಾಡಿದೆವು. ಕೋರ್ಸ್ ಮುಗಿಸಿ ಪಿಜಿ ಖಾಲಿ ಮಾಡುವ ಸೀನಿಯರ್‌ಗಳ ಬಾಗಿಲು ತಟ್ಟಿ, ಬಿಟ್ಟುಹೋಗುವ ಸಾಮಾನು ಕೊಡಿ ಎಂದು ಕೇಳಿದೆವು. ಎರಡು ದಿನಕ್ಕೆ ರೂಮಿನಲ್ಲಿ ಕಾಲಿಡಲು ಜಾಗವಿಲ್ಲ. ಹನ್ನೊಂದು ಬಕೆಟ್, ಐದು ಹಾಸಿಗೆ, ಲ್ಯಾಬ್ ಕೋಟುಗಳು, ಸೈಂಟಿಫಿಕ್ ಕ್ಯಾಲ್ಕುಲೇಟರ್‌ಗಳು, ಬ್ರೆಡ್‌ಬೋರ್ಡುಗಳು, ಒಂದು ಮಲ್ಟಿಮೀಟರ್, ಒಂದು ಇಸ್ತ್ರಿ ಪೆಟ್ಟಿಗೆ. ಕೆಟ್ಟಿವೆ ಎಂದು ಕೊಟ್ಟ ಆರು ಕ್ಯಾಲ್ಕುಲೇಟರ್‌ಗಳಲ್ಲಿ ನಾಲ್ಕಕ್ಕೆ ಬೇಕಾಗಿದ್ದದ್ದು ಬರೀ ಒಂದು ಬಟನ್ ಸೆಲ್.

ಹೊಸ ಬ್ಯಾಚ್ ಬಂದಾಗ 'ಉಚಿತ, ಬೇಕಾದವರು ತೆಗೆದುಕೊಳ್ಳಿ' ಎಂದು ಬೋರ್ಡ್ ಬರೆದು ಕ್ಯಾಂಟೀನ್ ಪಕ್ಕ ಟೇಬಲ್ ಹಾಕಿದೆವು. ಎಲ್ಲರೂ ನೋಡಿದರು, ನಕ್ಕರು, ಫೋಟೊ ತೆಗೆದರು. ಯಾರೂ ಮುಟ್ಟಲಿಲ್ಲ. ಒಬ್ಬ ಹುಡುಗ ಮೂರು ಸಲ ಟೇಬಲ್ ಮುಂದೆ ಹಾದುಹೋದ. ಪ್ರತಿ ಸಲವೂ ಅವನ ಕಣ್ಣು ಕ್ಯಾಲ್ಕುಲೇಟರ್ ಮೇಲೆ. ನಾನು ಕರೆದು, 'ತಗೋ, ಫ್ರೀ' ಅಂದೆ. ಅವನ ಮುಖ ಕೆಂಪಾಯಿತು. 'ಬೇಡ ಅಣ್ಣಾ, ನನ್ ಹತ್ರ ಇದೆ' ಎಂದು ಹೋದ. ಅವನ ಹತ್ತಿರ ಇರಲಿಲ್ಲ ಎಂದು ಇಂಟರ್ನಲ್ ಟೆಸ್ಟಿನ ದಿನ ಗೊತ್ತಾಯಿತು. ಪಕ್ಕದವನಿಂದ ಕಡ ತೆಗೆದುಕೊಳ್ಳುತ್ತಿದ್ದನಂತೆ, ಇನ್ವಿಜಿಲೇಟರ್ ಬೈದರಂತೆ.

ನನಗೆ ನನ್ನ ಬಾವುಟದ ಸ್ಟಿಕ್ಕರ್ ನೆನಪಾಯಿತು. 'ಅಮೆರಿಕದ ಕಸಿನ್' ಅಂದವನೂ 'ನನ್ ಹತ್ರ ಇದೆ' ಅಂದವನೂ ಒಂದೇ ಜಾತಿ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಒಂದು ವಿಷಯ ಹೇಳಿದರು. ಗಿರಾಕಿಗಳು ತೆಗೆದುಕೊಂಡು ಹೋಗದೆ ವರ್ಷಗಟ್ಟಲೆ ಉಳಿದ ಬಟ್ಟೆಗಳನ್ನು ಮೊದಲು ಅಪ್ಪ ಸುಮ್ಮನೆ ಕೊಡುತ್ತಿದ್ದರಂತೆ. ತೆಗೆದುಕೊಂಡವರು ಆಮೇಲೆ ಅಂಗಡಿ ಮುಂದೆ ಓಡಾಡುವುದನ್ನೇ ಬಿಟ್ಟರಂತೆ. 'ಹೊಲಿಗೆ ಕೂಲಿ ಹತ್ತು ರೂಪಾಯಿ ಅಂತ ಇಸ್ಕೊಂಡ್ ಕೊಡೋಕೆ ಶುರು ಮಾಡ್ದೆ ನೋಡು, ಆಮೇಲೆ ಚೌಕಾಸಿ ಮಾಡ್ಕೊಂಡ್ ಜೋರಾಗೇ ಬಂದ್ರು.'

ನಾವು ಬೋರ್ಡ್ ಬದಲಾಯಿಸಿದೆವು. 'ಸೀನಿಯರ್ಸ್ ಸೇಲ್' ಎಂದು ಬರೆದು ಲ್ಯಾಬ್ ಕೋಟಿಗೆ 40, ಬಕೆಟ್ಟಿಗೆ 30, ಕ್ಯಾಲ್ಕುಲೇಟರ್‌ಗೆ 100 ರೂಪಾಯಿ ಬೆಲೆ ಕಟ್ಟಿದೆವು. ಬ್ಯಾಟರಿ ಹಾಕಿ, ಕೋಟು ಒಗೆದು ಇಸ್ತ್ರಿ ಮಾಡಿ, ಬಕೆಟ್ ಉಜ್ಜಿ ಇಟ್ಟೆವು. ಇಲ್ಲಿ ಒಗೆದು ಎನ್ನುವುದು ಮುಖ್ಯ, ಕೊಳೆ ಕೋಟನ್ನು ಕೊಟ್ಟರೆ ಅದು ಕಸ ದಾಟಿಸಿದಂತೆ. ಒಂದೂವರೆ ದಿನದಲ್ಲಿ ಹಾಸಿಗೆಗಳೂ ಸೇರಿ ಎಲ್ಲ ಖಾಲಿ. ಕಾರಿನಲ್ಲಿ ಬರುವ ಹುಡುಗಿಯೊಬ್ಬಳು ಎರಡು ಲ್ಯಾಬ್ ಕೋಟ್ ಕೊಂಡಳು. ಮೂರು ಸಲ ಹಾದುಹೋಗಿದ್ದ ಆ ಹುಡುಗ ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡು, ಸೈನ್ 30 ಒತ್ತಿ ನೋಡಿ, 'ಎಂಬತ್ತಕ್ಕೆ ಕೊಡಿ ಅಣ್ಣಾ' ಎಂದು ಚೌಕಾಸಿ ಮಾಡಿದ. ತೊಂಬತ್ತಕ್ಕೆ ಇಳಿಸಿದೆ. ಎಂಬತ್ತಕ್ಕೇ ಕೊಡಬಹುದಿತ್ತು. ಆದರೆ ಅವನು ಚೌಕಾಸಿ ಮಾಡುವಾಗ ನೆಟ್ಟಗೆ ನಿಂತಿದ್ದ ರೀತಿ ನೋಡಿ ನನಗೂ ವ್ಯಾಪಾರಿಯ ಹುರುಪು ಬಂದಿತ್ತು.

ಬಂದ 2,860 ರೂಪಾಯಿಯನ್ನು ಏನು ಮಾಡುವುದು ಎಂದು ನಾಲ್ವರಲ್ಲಿ ಜಗಳವಾಯಿತು. ಪರೀಕ್ಷಾ ಶುಲ್ಕ ಕಟ್ಟಲು ಪರದಾಡುವವರಿಗೆ ಕೈಸಾಲ ಕೊಡೋಣ ಎಂದು ಒಬ್ಬ, ಪಾರ್ಟಿ ಮಾಡೋಣ ಎಂದು ಇನ್ನೊಬ್ಬ. 300 ರೂಪಾಯಿಗೆ ಮಸಾಲೆ ದೋಸೆ ತಿಂದು ಉಳಿದದ್ದನ್ನು ಕೈಸಾಲಕ್ಕೆ ಇಟ್ಟಿದ್ದೇವೆ. ಇದುವರೆಗೆ ಮೂವರು ಪಡೆದಿದ್ದಾರೆ, ಇಬ್ಬರು ವಾಪಸ್ ಕೊಟ್ಟಿದ್ದಾರೆ.

ಒಂದು ಆಕ್ಷೇಪವನ್ನೂ ಹೇಳಿಬಿಡುತ್ತೇನೆ. ಈಗ ಇನ್‌ಸ್ಟಾಗ್ರಾಮ್ ತುಂಬ 'ಥ್ರಿಫ್ಟ್ ಸ್ಟೋರ್'ಗಳು. ಹಳೇ ಜಾಕೆಟ್‌ಗೆ ಸಾವಿರ ರೂಪಾಯಿ. ಕೊಳ್ಳುವವರು ಕೊಳ್ಳಲಿ, ಬಟ್ಟೆ ಕಸಕ್ಕೆ ಹೋಗುವುದು ತಪ್ಪಿದರೆ ಸಂತೋಷವೇ. ಆದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲಿ ರಸ್ತೆ ಮೇಲೆ ಹರವಿದ ಬಟ್ಟೆ ಕೊಂಡವನು 'ಪಾಪ', ಅದನ್ನೇ ಫಿಲ್ಟರ್ ಹಾಕಿ ಮಾರುವವರಿಂದ ಕೊಂಡವನು 'ಕೂಲ್' ಆಗುವುದು ನನಗೆ ಇನ್ನೂ ಅರ್ಥವಾಗಿಲ್ಲ. ಅದೂ ಅಲ್ಲದೆ ಅಗ್ಗ ಎಂದು ಬೇಡದ ಹತ್ತು ಅಂಗಿ ತಂದು ತುಂಬಿಸಿಕೊಳ್ಳುವುದು ಉಳಿತಾಯವಲ್ಲ. ನನ್ನ ರೂಮ್‌ಮೇಟ್ ಸಂಡೇ ಬಜಾರ್‌ನಿಂದ 150ಕ್ಕೆ ಒಂದು ಹಳೇ ಟೈಪ್‌ರೈಟರ್ ತಂದಿದ್ದಾನೆ. ಏಕೆ ಎಂದು ಅವನಿಗೂ ಗೊತ್ತಿಲ್ಲ. ಅದರ ಮೇಲೆ ಈಗ ಟವೆಲ್ ಒಣಗುತ್ತದೆ.

ಈ ಸೆಮಿಸ್ಟರ್ ನಮ್ಮಲ್ಲಿ ಇಂಟರ್ನ್‌ಶಿಪ್, ಪ್ಲೇಸ್‌ಮೆಂಟಿನ ಗಾಳಿ ಶುರುವಾಗಿದೆ. ಇಂಟರ್‌ವ್ಯೂಗೆ ಫಾರ್ಮಲ್ಸ್ ಕಡ್ಡಾಯ. ಒಬ್ಬೊಬ್ಬರೂ ಬ್ಲೇಜರ್, ಪ್ಯಾಂಟು, ಶೂ ಎಂದು ನಾಲ್ಕೈದು ಸಾವಿರದ ಲೆಕ್ಕ ಹಾಕುತ್ತಿದ್ದರು. ಕೆಲಸ ಸಿಕ್ಕಿ ಹೋದ ಸೀನಿಯರ್‌ಗಳಿಗೆ ಮೆಸೇಜ್ ಹಾಕಿದೆವು. ಏಳು ಪ್ಯಾಂಟು, ಎರಡು ಬ್ಲೇಜರ್ ಬಂದವು. ಯಾವುದೂ ಯಾರಿಗೂ ಸರಿಯಾಗಿ ಕೂರುವುದಿಲ್ಲ. ಹುಡುಗರ ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಎಲ್ಲವನ್ನೂ ಒಂದು ಅಕ್ಕಿ ಚೀಲಕ್ಕೆ ತುಂಬಿ ಕಳೆದ ಶನಿವಾರ ತಿಪಟೂರಿನ ರೈಲು ಹತ್ತಿದೆ. ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು, 'ಏನಪ್ಪಾ, ಬಟ್ಟೆ ವ್ಯಾಪಾರನಾ?' ಎಂದು ಕೇಳಿದರು. ಹೌದು ಅಂದೆ. ಈ ಸಲ ಕಸಿನ್ ಹೆಸರು ಹೇಳಲಿಲ್ಲ.

ಒಬ್ಬೊಬ್ಬರಿಂದ ಎಷ್ಟು ತೆಗೆದುಕೊಳ್ಳಬೇಕು ಎಂದು ಅಪ್ಪನನ್ನು ಕೇಳಿದೆ. ಪ್ಯಾಂಟಿಗೆ 60, ಬ್ಲೇಜರ್‌ಗೆ 150 ಎಂದು ಹೇಳಿ, ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಒಳಗು ಮಾಡಿ ನೋಡುತ್ತಾ ಕೂತರು. ನಾನು ಭಾನುವಾರ ಸಂಜೆ ವಾಪಸ್ ಬಂದೆ. ನಿನ್ನೆ ರಾತ್ರಿ ಫೋನ್ ಮಾಡಿದ್ದರು. 'ಆ ನೀಲಿ ಬ್ಲೇಜರ್‌ನ ತೋಳು ಒಂದಿಂಚು ಇಳಿಸಬಹುದು ಕಣೋ, ಒಳಗೆ ಬಟ್ಟೆ ಬಿಟ್ಟವ್ನೆ, ಯಾರೋ ಒಳ್ಳೇ ಟೈಲರ್ ಹೊಲ್ದಿರೋದು. ಆ ಹುಡುಗನ ಕೈ ಉದ್ದ ಇನ್ನೊಂದ್ಸಲ ಅಳೆದು ಹೇಳು. ನೀನು ಟೇಪು ಸರಿಯಾಗಿ ಹಿಡಿದಿಲ್ಲ.'